ತಿಪ್ಪೆಯ ಹೆಪ್ಪು

ಮಹಾಂತೇಶ ನಗರ, ಬೆಳಗಾವಿ
ಬುಧವಾರ, 11 ಡಿಸೆಂಬರ್ 2024

ಪ್ರೀತಿಯ ಅತ್ತೆಯವರಿಗೆ, ನಿಮ್ಮ ಸೊಸೆ ಪ್ರಮಿಳಾ ಕಾಲು ಮುಟ್ಟಿ ಬರೆಯುತ್ತಿದ್ದೇನೆ.

ಹೇಗಿದ್ದೀರಿ? ಬೆಳಿಗ್ಗೆ ಏಳುವಾಗ ಮೊಣಕಾಲು ಈಗಲೂ ಕಟಕ್ ಎನ್ನುತ್ತದೆಯೇ? ಲೋಂಡಾದಲ್ಲಿ ಸುತ್ತಲೂ ಕಾಡು, ಚಳಿ ನಮ್ಮಲ್ಲಿಗಿಂತ ಒಂದು ಕೈ ಹೆಚ್ಚೇ ಇರಬೇಕು. ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಕಾಯಿಸಿ ಹಚ್ಚಿಸಿಕೊಳ್ಳಿ. ಮಗಳ ಮನೆ ಎಂದು ಸಂಕೋಚ ಮಾಡುವ ಸ್ವಭಾವ ನಿಮ್ಮದು. ಸಿದ್ದಕ್ಕ ನೀವಾಗಿ ಕೇಳದಿದ್ದರೆ ಹಚ್ಚುವವರೂ ಅಲ್ಲ, ಬಾಯಿ ಬಿಟ್ಟು ಕೇಳಿ. ಇಲ್ಲಿ ನಾವಿಬ್ಬರೂ ಮೈಯಿಂದ ಆರಾಮವಾಗಿದ್ದೇವೆ. ನಿಮ್ಮ ಮಗನಿಗೆ ಹೊಟ್ಟೆ ಬಂದಿದೆ. ಕುರಿಯ ಹಿಂದೆ ದಿನಕ್ಕೆ ನಾಲ್ಕು ಹರದಾರಿ ನಡೆದ ಮನೆತನದವರು ಹಾಲು ತರಲಿಕ್ಕೂ ಸ್ಕೂಟರ್ ಹತ್ತುತ್ತೀರಲ್ಲ ಎಂದು ನಾನು ಕಾಡಿಸಿದರೆ, ‘ಅವ್ವ ಇಲ್ಲೆ ಇದ್ದಿದ್ರ ನಿನ್ನ ಬಾಯಿ ಇಷ್ಟ ಉದ್ದ ಇರತಿದ್ದಿಲ್ಲ’ ಎಂದು ನಿಮ್ಮ ಹೆಸರಿನಿಂದಲೇ ನನ್ನ ಬಾಯಿ ಮುಚ್ಚಿಸುತ್ತಾರೆ. ನೀವಿಲ್ಲದ ಮನೆಯಲ್ಲಿ ದಿನಕ್ಕೆ ಐದಾರು ಸಲ ನಿಮ್ಮ ಹೆಸರು ಬರುತ್ತದೆ.

ಫೋನು ಇರುವಾಗ ಪತ್ರ ಏಕೆ ಎಂದು ಕೇಳುತ್ತೀರಿ. ಫೋನು ಮಾಡಿದರೆ ನೀವು ‘ಆರಾಮ ಅದೀನವಾ, ತಗೋ, ಸಿದ್ದವ್ವನ ಕೈಯಾಗ ಕೊಡತೀನಿ’ ಎಂದು ಒಂದೇ ಉಸಿರಿಗೆ ಮುಗಿಸುತ್ತೀರಿ. ಹದಿಮೂರು ತಿಂಗಳಿಂದ ನಮ್ಮ ನಡುವೆ ಆಗಿರುವುದು ಅಷ್ಟೇ ಮಾತು. ಪತ್ರವನ್ನು ಹಾಗೆ ಇನ್ನೊಬ್ಬರ ಕೈಗೆ ದಾಟಿಸಲು ಬರುವುದಿಲ್ಲ. ಮೊಮ್ಮಗಳು ಸಾಕ್ಷಿಯಿಂದ ಓದಿಸಬೇಡಿ. ನೀವು ನಾಲ್ಕನೆಯ ಇಯತ್ತೆ ಕಲಿತದ್ದು ಇದಕ್ಕೆ ಸಾಕು. ಬೆರಳಿಟ್ಟು ಓದಲು ಆಗಲೆಂದು ಅಕ್ಷರಗಳನ್ನು ದೊಡ್ಡದಾಗಿ, ಬಿಡಿಬಿಡಿಯಾಗಿ ಬರೆದಿದ್ದೇನೆ. ಹೇಳಬೇಕಾದದ್ದು ಬಾಜೂಮನೆಯ ಶಮಶಾದಬಿಯವರ ವಿಷಯ. ಹೆಸರು ಕಂಡ ಕೂಡಲೇ ಪತ್ರ ಮಡಚಿ ದಿಂಬಿನ ಕೆಳಗೆ ತುರುಕಬೇಡಿ. ಹನ್ನೊಂದು ವರ್ಷ ಒಂದೇ ಗೋಡೆಯ ಎರಡು ಕಡೆ ನಿಂತು ಚಹಾ ಕುಡಿದವರು ನೀವಿಬ್ಬರು; ಹೋಗುವ ದಿನ ಆ ಗೋಡೆಯ ಕಡೆ ತಿರುಗಿಯೂ ನೋಡದೆ ಹೋದಿರಿ. ನಿಮ್ಮಿಬ್ಬರ ಮಾತು ಮತ್ತೆ ಕೂಡದ ಹೊರತು ನನಗೆ ಉಂಡ ಅನ್ನ ಮೈಗೆ ಹತ್ತುವುದಿಲ್ಲ. ಅದಕ್ಕೇ ಬರೆಯಲು ಕುಳಿತಿದ್ದೇನೆ.

ಮೊದಲು ನಿಮಗೆ ಹಿಗ್ಗಾಗುವ ಸುದ್ದಿ ಹೇಳುತ್ತೇನೆ. ನಿಮ್ಮ ತಿಪ್ಪೆ ಇದ್ದ ಜಾಗದಲ್ಲಿ ಮತ್ತೆ ತಿಪ್ಪೆ ಎದ್ದಿದೆ. ಹೌದು, ಮನೆಯ ಹಿಂದಿನ ಅದೇ ಖಾಲಿ ಸೈಟು, ಅದೇ ಹೊಂಗೆ ಮರದ ಕೆಳಗೆ. ಆದರೆ ಈಗ ಅದು ನಿಮ್ಮೊಬ್ಬರದಲ್ಲ, ಕಾಲೊನಿಯ ಮೂವತ್ತೆರಡು ಮನೆಗಳದು. ಬೆಳಿಗ್ಗೆ ಏಳರ ಸುಮಾರಿಗೆ ಮಂಜಿನೊಳಗಿಂದ ಒಬ್ಬೊಬ್ಬರೇ ಬಕೆಟ್ ಹಿಡಿದು ಬರುತ್ತಾರೆ. ಮುಖ ಕಾಣುವುದಿಲ್ಲ, ಚಪ್ಪಲಿಯ ಸಪ್ಪಳವಷ್ಟೇ. ಹತ್ತಿರ ಬಂದ ಮೇಲೆ ಇಂಥವರು ಎಂದು ತಿಳಿಯುತ್ತದೆ. ಇಟ್ಟಿಗೆಯ ತೊಟ್ಟಿಗಳ ಸಂದಿಯಿಂದ ಹಬೆ ಏಳುತ್ತಿರುತ್ತದೆ. ಮಂಜು ಎಲ್ಲಿ ಮುಗಿಯಿತು, ಹಬೆ ಎಲ್ಲಿ ಶುರುವಾಯಿತು ಎಂದು ಹೇಳಲಾಗುವುದಿಲ್ಲ. ಶಾಲೆಗೆ ಹೋಗುವ ಮುನ್ನ ನಾನು ಅರ್ಧ ಗಂಟೆ ಅಲ್ಲಿ ನಿಲ್ಲುತ್ತೇನೆ. ಉಳ್ಳಾಗಡ್ಡಿಯ ಸಿಪ್ಪೆ, ಶೇಂಗಾದ ಹೊಟ್ಟು, ಸೋಸಿದ ಚಹಾಪುಡಿ, ದೇವರ ತಲೆಯಿಂದ ಇಳಿಸಿದ ಚೆಂಡು ಹೂ, ಮೆಂತೆಯ ದಂಟು, ಎಲ್ಲವೂ ಒಂದರ ಮೇಲೊಂದು ಮಲಗಿ ಬೆಚ್ಚಗಾಗುತ್ತಿರುತ್ತವೆ. ವಾಸನೆ ಎಂದರೆ ಮೊದಲ ಮಳೆಗೆ ನೆನೆದ ಹೊಲದ್ದು. ಕಣ್ಣು ಮುಚ್ಚಿದರೆ ನಾನೆಲ್ಲಿದ್ದೇನೆ ಎಂಬುದೇ ಮರೆತುಹೋಗುತ್ತದೆ. ಒಮ್ಮೊಮ್ಮೆ ನೀವು ಬಾಜೂದಲ್ಲಿ ನಿಂತು ಸೆರಗಿಗೆ ಕೈ ಒರೆಸಿಕೊಳ್ಳುತ್ತಿದ್ದೀರಿ ಎನ್ನಿಸುತ್ತದೆ. ತಿರುಗಿ ನೋಡಿದರೆ ಹೊಂಗೆ ಮರ. ಅಂದ ಹಾಗೆ, ಬಕೆಟ್ ನೋಡಿ ನೋಡಿ ಯಾರ ಮನೆಯಲ್ಲಿ ಏನು ಅಡಿಗೆ ಎಂಬುದು ನನಗೀಗ ಬಾಯಿಪಾಠ. ನಮ್ಮ ಸಂಘದ ಅಧ್ಯಕ್ಷ ಕಲ್ಲಯ್ಯನವರು ತಾವು ಬೆಳ್ಳುಳ್ಳಿ ಮುಟ್ಟುವವರಲ್ಲ ಎಂದು ಊರಿಗೆಲ್ಲ ಸಾರಿಕೊಂಡು ತಿರುಗುತ್ತಾರಲ್ಲ, ಅವರ ಬಕೆಟ್ಟಿನ ತಳದಲ್ಲಿ ಬೆಳ್ಳುಳ್ಳಿ ಸಿಪ್ಪೆ ಪೇಪರಿನಲ್ಲಿ ಸುತ್ತಿಕೊಂಡು ಬರುತ್ತದೆ. ನಾನು ಯಾರ ಮುಂದೆಯೂ ಬಾಯಿ ಬಿಟ್ಟಿಲ್ಲ, ನಿಮಗೆ ಮಾತ್ರ ಹೇಳಿದ್ದೇನೆ.

ಮಾವನವರು ತೀರಿಕೊಂಡ ಮೇಲೆ ನೀವು ಖಾನಾಪುರದಿಂದ ಬಂದ ದಿನ ಕಣ್ಣ ಮುಂದೆ ಬರುತ್ತದೆ. ಎಮ್ಮೆಗಳನ್ನು ಕೊಟ್ಟಿರಿ, ಕುರಿಗಳನ್ನು ಭಾವಕಿಯ ದಾಯಾದಿಗಳಿಗೆ ಬಿಟ್ಟಿರಿ. ತಂದದ್ದು ಒಂದು ಟ್ರಂಕು, ಒಂದು ಗೋಣಿಚೀಲ. ಚೀಲದಲ್ಲಿ ನಿಮ್ಮ ಹಳೆಯ ತಿಪ್ಪೆಯ ತಳದ ಕರಿಮಣ್ಣು. ಬಸ್ಸಿನ ಕಂಡಕ್ಟರು ‘ಆಯೀ, ಚೀಲದಾಗ ಏನ ಐತಿ? ಲಗೇಜ ತಿಕೀಟ ತಗೀಬೇಕ್ರಿ’ ಎಂದಾಗ ‘ಮನಿ ಲಕ್ಷ್ಮೀ ಅದಾಳಪಾ, ಆಕೀಗ್ಯಾಕ ತಿಕೀಟ?’ ಎಂದಿರಂತೆ. ನಿಮ್ಮ ಮಗ ನಾಚಿಕೆಯಿಂದ ಬೆಳಗಾವಿ ಬರುವವರೆಗೂ ಕಿಟಕಿಯ ಹೊರಗೇ ನೋಡುತ್ತ ಕುಳಿತಿದ್ದರಂತೆ. ಆ ಮಣ್ಣನ್ನು ಸೈಟಿನ ಮೂಲೆಗೆ ಸುರಿದು, ಮೇಲೆ ಮನೆಯ ಕಸ, ಹೊಂಗೆಯ ಎಲೆ, ಗೌಳಿಗರ ಮನೆಯಿಂದ ತಂದ ಸಗಣಿ ಹಾಕಿ, ‘ಹಾಲಿಗೆ ಮಸರಿನ ಹೆಪ್ಪು ಬೇಕಲ್ಲ, ಹಂಗ ಹೊಸಾ ತಿಪ್ಪೀಗೆ ಹಳೀ ತಿಪ್ಪಿ ಬೇಕು’ ಎಂದಿರಿ. ದಿನಾ ಬೆಳಿಗ್ಗೆ ಅದರೊಳಗೆ ಚುಚ್ಚಿಟ್ಟ ಕಬ್ಬಿಣದ ಸರಳನ್ನು ಎಳೆದು, ಅಂಗೈಯಲ್ಲಿ ಹಿಡಿದು, ಕಾವು ನೋಡಿ, ‘ಉಸರಾಡಾಕತ್ತೈತಿ’ ಎಂದು ಗೋಡೆಯಾಚೆಗೆ ಕೂಗಿ ಹೇಳುತ್ತಿದ್ದಿರಿ. ಆಚೆಯಿಂದ ಶಮಶಾದಬಿ ‘ಜ್ವರಾ ಬಂದಿಲ್ಲಲಾ?’ ಎಂದು ನಗುತ್ತಿದ್ದರು. ಅವರ ಯಜಮಾನರು ಮುನಾಫ ಸಾಹೇಬರು ಇನ್ನೂ ಇದ್ದರು ಆಗ. ರವಿವಾರ ಪೇಟೆಯ ತಮ್ಮ ಅಂಗಡಿಯಿಂದ ನಿಮಗಾಗಿ ಉಳ್ಳಾಗಡ್ಡಿ ಸಿಪ್ಪೆಯ ಚೀಲವನ್ನು ಸ್ಕೂಟರಿನ ಮೇಲೆ ಇಟ್ಟುಕೊಂಡು ಬರುತ್ತಿದ್ದರು. ಅವರು ಹೋದ ಮೇಲೆ ಶಮಶಾದಬಿ ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲು ದಾಟದೆ ಒಳಗೇ ಕುಳಿತರು. ನೀವು ದಿನಾ ಗೋಡೆಯ ಮೇಲೆ ಒಂದು ವಾಟಗಾ ಪಲ್ಯ ಇಟ್ಟು, ‘ತಿನ್ನವಾ, ತಿಂದ ಅಳು’ ಎನ್ನುತ್ತಿದ್ದಿರಿ. ನಾನು ಅಡಿಗೆಮನೆಯಿಂದ ಕೇಳಿಸಿಕೊಳ್ಳುತ್ತಿದ್ದೆ.

ಈಗಿನ ಸಂಗತಿಗೆ ಬರುತ್ತೇನೆ. ಇದೇ ಜೂನಿನಲ್ಲಿ ಸಂಘದವರು ಹಸಿ ಕಸವನ್ನು ಹೊರಗೆ ಕಳಿಸುವುದು ಬೇಡ, ನಾವೇ ಗೊಬ್ಬರ ಮಾಡೋಣ ಎಂದು ಠರಾವು ಮಾಡಿದರು. ಪುಣೆಯಲ್ಲಿರುವ ಸೈಟಿನ ಮಾಲೀಕರೂ ಹೂಂ ಎಂದರು. ವಿಜ್ಞಾನದ ಟೀಚರ್ ಎಂದು ನನ್ನನ್ನು ಮುಂದೆ ಮಾಡಿದರು. ನಾನೂ ಹಿಗ್ಗಿ ಹೀರೇಕಾಯಿಯಾಗಿ, ಬೋರ್ಡಿನ ಮೇಲೆ ಚಿತ್ರ ಬರೆದು ಒಂದು ಗಂಟೆ ಭಾಷಣ ಮಾಡಿದೆ. ಗಾಳಿಯಾಡಲು ಸಂದಿ ಬಿಟ್ಟು ನಾಲ್ಕು ತೊಟ್ಟಿ ಕಟ್ಟಿಸಿದೆವು. ಮೂರೇ ವಾರಕ್ಕೆ ವಾಸನೆ ಎದ್ದಿತು ನೋಡಿ, ಆ ರಸ್ತೆಯಲ್ಲಿ ಮೂಗು ಮುಚ್ಚದೆ ನಡೆಯುವ ಹಾಗಿಲ್ಲ. ಕಪ್ಪು ನೀರು ಇಳಿಯತೊಡಗಿತು. ಒಣ ಎಲೆ ಹೆಚ್ಚಿಸಿದೆ, ನೀರು ಕಡಿಮೆ ಮಾಡಿಸಿದೆ, ತಿರುವಿ ಹಾಕಿಸಿದೆ, ಪುಸ್ತಕದಲ್ಲಿ ಇದ್ದದ್ದೆಲ್ಲ ಮಾಡಿದೆ. ನಿಮ್ಮ ಹಾಗೆ ಸರಳು ಚುಚ್ಚಿ ತೆಗೆದರೆ ತಣ್ಣಗೆ ಕೊರೆಯುತ್ತಿತ್ತು. ಕಡೆಗೆ ಒಂದು ಬೆಳಿಗ್ಗೆ ಬೇಗ ಎದ್ದು ಹೋಗಿ ನೋಡುತ್ತೇನೆ, ಕಲ್ಲಯ್ಯನವರ ಹೆಂಡತಿ ತೊಟ್ಟಿಗೆ ಫಿನೈಲ್ ಸುರಿಯುತ್ತಿದ್ದಾರೆ! ‘ವಾಸ ಹೋಗಲಿ ಅಂತ ಒಂದೀಟ ಹಾಕಿದೆರಿ ಟೀಚರ, ಎಲ್ಲಾರೂ ಹಾಕತಾರ್ರೀ’ ಎಂದರು. ವಿಚಾರಿಸಿದರೆ ಖರೇ, ಎಲ್ಲರೂ! ನೆಲ ಒರೆಸಿ ಉಳಿದ ಫಿನೈಲ್ ನೀರನ್ನು ಪುಣ್ಯದ ಕೆಲಸವೆಂದು ತಂದು ದಿನಾ ಅಲ್ಲಿಯೇ ಸುರಿದಿದ್ದರು. ಕಸವನ್ನು ಮಣ್ಣು ಮಾಡುವ ಸಣ್ಣ ಸಣ್ಣ ಜೀವಗಳನ್ನೆಲ್ಲ ಮೂವತ್ತೆರಡು ಮನೆಯವರು ಕೂಡಿ ಕೊಂದಿದ್ದೆವು. ‘ನೀನೂ ಹಾಕಿದ್ದೇನು?’ ಎಂದು ನಿಮ್ಮ ಮಗ ಕೇಳಿದರು. ಒಂದು ಸಲ ಹಾಕಿದ್ದೆ. ನಿಮ್ಮ ಮುಂದೆ ತಿಪ್ಪೆ ಸಾರಿಸಿ ಏನು ಬಂತು?

ಸಭೆ ಸೇರಿತು. ಈ ಉಸಾಬರಿಯೇ ಬೇಡ, ಮುಚ್ಚಿಬಿಡೋಣ ಎಂದು ಅರ್ಧಕ್ಕರ್ಧ ಜನ. ಹಿಂದಿನ ಸಾಲಿನಲ್ಲಿದ್ದ ಶಮಶಾದಬಿ ಎದ್ದು ನಿಂತರು. ಅವರು ಸಭೆಯಲ್ಲಿ ಮಾತಾಡಿದ್ದನ್ನು ನಾನು ಎಂದೂ ಕಂಡಿರಲಿಲ್ಲ. ‘ಎಂಟ ದಿವಸ ತಡೀರಿ. ತೊಟ್ಟಿ ಖಾಲಿ ಮಾಡಿ, ತೊಳದ, ಬಿಸಲಿಗೆ ಬಿಡ್ರಿ. ಹೆಪ್ಪು ನನ್ನ ಹತ್ರ ಐತಿ’ ಎಂದು ಹೇಳಿ ಕುಳಿತರು. ಮರುದಿನ ನನ್ನನ್ನು ತಮ್ಮ ಹಿತ್ತಲಿಗೆ ಕರೆದರು. ಪೇರಲ ಗಿಡದ ನೆರಳಲ್ಲಿ ಬಣ್ಣದ ಹಳೆಯ ಡಬ್ಬಿ, ಮೇಲೆ ಒದ್ದೆ ಗೋಣಿತಟ್ಟು. ತಟ್ಟು ಎತ್ತಿದರೆ ಒಳಗೆ ಕರಿಮಣ್ಣು, ಅದರ ತುಂಬ ಎರೆಹುಳು. ಅತ್ತೆ, ಅದು ನಿಮ್ಮ ಖಾನಾಪುರದ ಮಣ್ಣು. ಪಾಲಿಕೆಯ ಟ್ರ್ಯಾಕ್ಟರ್ ಬಂದು ನಿಮ್ಮ ತಿಪ್ಪೆಯನ್ನು ಎತ್ತಿಕೊಂಡು ಹೋದ ದಿನ, ನೀವು ಕೋಣೆಯ ಬಾಗಿಲು ಹಾಕಿಕೊಂಡು ಅಳುತ್ತಿದ್ದಾಗ, ಅವರು ಸೆರಗು ಸಿಕ್ಕಿಸಿಕೊಂಡು ಹೋಗಿ ತಳದಿಂದ ಒಂದು ಡಬ್ಬಿ ತುಂಬಿಕೊಂಡು ಬಂದಿದ್ದರು. ಅಷ್ಟು ತಿಂಗಳು ತಮ್ಮ ಚಹಾಪುಡಿ, ತಮ್ಮ ಸೊಪ್ಪಿನ ದಂಟು ಹಾಕಿ ಅದನ್ನು ಬದುಕಿಸಿದ್ದರು. ‘ಪದ್ಮವ್ವ ಒಂದಿಲ್ಲೊಂದ ದಿನ ಬರತಾಳ. ನನ್ನ ತಿಪ್ಪಿ ಎಲ್ಲೈತಿ ಅಂತಾಳ. ಏನರ ತೋರಸಬೇಕಲಾ?’ ಎಂದರು. ನಾನು ಅಲ್ಲೇ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತುಬಿಟ್ಟೆ.

ಈಗ ಆ ಮಾತು. ಇದನ್ನು ಮೂರು ಸಲ ಬರೆದು ಮೂರು ಸಲ ಹರಿದಿದ್ದೇನೆ. ತಿಪ್ಪೆಯ ಮೇಲೆ ಅರ್ಜಿ ಕೊಟ್ಟವಳು ನಾನು. ಶಮಶಾದಬಿಯವರಲ್ಲ. ಹೋದ ವರ್ಷ ದೀಪಾವಳಿಯ ಪಾಡ್ಯದ ದಿನ ನೀವು ಸಗಣಿಯ ಪಾಂಡವರನ್ನು ಮಾಡಿ, ಉತ್ತರಾಣಿ ಕಡ್ಡಿ, ಚೆಂಡು ಹೂ ಚುಚ್ಚಿ, ತಿಪ್ಪೆಯ ಮೇಲೆ ಕೂರಿಸಿ ಪೂಜೆ ಮಾಡಿದ್ದಿರಿ. ಅದೇ ಸಂಜೆ ನಮ್ಮ ಶಾಲೆಯ ಟೀಚರುಗಳು ಫರಾಳದ ತಿಂಡಿಗೆ ಬಂದರು. ಅವರಲ್ಲಿ ಒಬ್ಬಾಕೆ ‘ನಿಮ್ಮ ಮನ್ಯಾಗ ತಿಪ್ಪೀಗೂ ಆರತಿ ಎತ್ತತೀರೇನ್ರಿ?’ ಎಂದು ಮೂಗಿಗೆ ಸೆರಗು ಹಿಡಿದು ನಕ್ಕಳು. ನಾನೂ ನಕ್ಕೆ. ನಕ್ಕದ್ದಷ್ಟೇ ಅಲ್ಲ, ಮರುದಿನ ಕಾಲೊನಿಯವರು ಎಂದಷ್ಟೇ ಬರೆದು, ಹೆಸರು ಹಾಕದೆ, ಪಾಲಿಕೆಗೆ ಅರ್ಜಿ ಕೊಟ್ಟು ಬಂದೆ. ಎಂಟು ದಿನಕ್ಕೆ ಟ್ರ್ಯಾಕ್ಟರ್ ಬಂತು. ‘ಯಾರ ಕೊಟ್ಟಾರವಾ ಅರ್ಜಿ?’ ಎಂದು ನೀವು ನನ್ನನ್ನೇ ಕೇಳಿದಿರಿ. ‘ಬಾಜೂಮನಿಯವರ ಇರಬೇಕ್ರಿ’ ಎಂದೆ. ಆಗ ನೀವು ಗೋಡೆಯ ಹತ್ತಿರ ಹೋಗಿ, ‘ನಾ ಇಟ್ಟ ವಾಟಗಾ ತಿಂದ ಬಾಯಿ ಏನ ಇದು?’ ಎಂದಿರಿ. ಶಮಶಾದಬಿ ನಿಮ್ಮ ಹೆಗಲ ಮೇಲಿಂದ ಬಾಗಿಲಲ್ಲಿ ನಿಂತ ನನ್ನ ಕಡೆ ನೋಡಿದರು. ನಾನು ಕಣ್ಣು ತಗ್ಗಿಸಿದೆ. ಅವರು ‘ಹೌದ ಪದ್ಮವ್ವಾ, ವಾಸ ಭಾಳ ಆಗಿತ್ತು, ನಾನ ಕೊಟ್ಟೀನಿ’ ಎಂದುಬಿಟ್ಟರು.

ಹಾಗೇಕೆ ಹೇಳಿದಿರಿ ಎಂದು ಆ ಒಗೆಯುವ ಕಲ್ಲಿನ ಮೇಲೆ ಕುಳಿತು ಕೇಳಿದೆ. ‘ನಿನ್ನ ಮಾರಿ ನೋಡಿದ ಕೂಡ್ಲೆ ತಿಳೀತು. ಆಕಿ ದಿನಾ ನಿನ್ನ ಕೈಯಾಗ ಉಣ್ಣಬೇಕು. ನಿನ್ನ ಮ್ಯಾಲ ಸಿಟ್ಟಾದ್ರ ಆ ರೊಟ್ಟಿ ಹೆಂಗ ಇಳೀತೈತಿ? ನನ್ನ ಮ್ಯಾಲ ಆದ್ರ ನಡುವ ಗ್ವಾಡಿ ಐತಿ’ ಎಂದರು. ಆದರೆ ನೀವು ಆ ಗೋಡೆಯನ್ನೇ ನೋಡಲಾರೆನೆಂದು ಲೋಂಡಾಕ್ಕೆ ಹೊರಟುಹೋದಿರಿ. ಅಂದಿನಿಂದ ನಾನು ಬಾಯಿ ಬಿಡಬೇಕು, ಬಿಡಬೇಕು ಎಂದುಕೊಳ್ಳುತ್ತ ದಿನ ದೂಡಿದ್ದೇನೆ. ನಿಮ್ಮ ಮಗನಿಗೂ ನಿನ್ನೆಯಷ್ಟೇ ಹೇಳಿದೆ. ಅವರು ತಾಟು ಸರಿಸಿ ಎದ್ದರು. ಇವತ್ತು ಬೆಳಿಗ್ಗೆ ಒಂದು ಲಕೋಟೆ, ಸ್ಟಾಂಪು ತಂದು ಸುಮ್ಮನೆ ಮೇಜಿನ ಮೇಲೆ ಇಟ್ಟು ಆಫೀಸಿಗೆ ಹೋದರು.

ಹೆಪ್ಪು ಹಿಡಿಯಿತು. ಒಂಬತ್ತನೆಯ ದಿನ ಸರಳು ಎಳೆದಾಗ ಶಮಶಾದಬಿ ನನ್ನ ಅಂಗೈಯನ್ನು ಅದರ ಮೇಲೆ ಇಟ್ಟು ಒತ್ತಿ ಹಿಡಿದರು. ಬಿಸಿ. ‘ಉಸರಾಡಾಕತ್ತೈತಿ’ ಎಂಬ ಮಾತನ್ನು ಮಾತ್ರ ನೀವೇ ಅನ್ನಲೆಂದು ನಿಮಗೇ ಬಿಟ್ಟರು. ಈ ಸಲದ ಪಾಡ್ಯಕ್ಕೆ ಮೊದಲ ಗೊಬ್ಬರ ಸಿದ್ಧವಾಗಿತ್ತು, ಮನೆಗೊಂದು ಪುಟ್ಟಿ ಹಂಚಿದೆವು. ಪಾಂಡವರನ್ನು ಕೂರಿಸಬೇಕೆಂದು ಹೆಂಗಸರೆಲ್ಲ ಗಂಟುಬಿದ್ದರು. ನನಗೆ ಮಾಡಲು ಎಲ್ಲಿ ಬರುತ್ತದೆ? ಶಮಶಾದಬಿ ಗೋಡೆಯಾಚೆ ನಿಂತು ಹೇಳಿಕೊಟ್ಟರು: ‘ಹಂಗಲ್ಲ, ಭೀಮಂದ ಹೊಟ್ಟಿ ದೊಡ್ಡದ ಇರಬೇಕು. ಪದ್ಮವ್ವ ಹೆಬ್ಬಟ್ಟಲೆ ಒತ್ತಿ ಮೂಗ ಮಾಡತಿದ್ಲು, ಕಡ್ಡೀಲೆ ಅಲ್ಲ.’ ಹನ್ನೊಂದು ವರ್ಷ ನೋಡಿದ್ದಾರೆ, ಅಷ್ಟೂ ನೆನಪಿದೆ. ನಾನು ಒಂದೇ ಮನೆಯೊಳಗೆ ಇದ್ದು ಒಂದು ಸಲವೂ ನೋಡಿರಲಿಲ್ಲ.

ಮೊನ್ನೆ ಬೆಳಗಿನ ಜಾವ ಒಂದು ಕನಸು. ಖಾನಾಪುರದ ಬಸ್ಸು, ಹೊರಗೆಲ್ಲ ಬೆಳ್ಳಗೆ ಮಂಜು, ಒಳಗೆ ಎಲ್ಲರಿಗೂ ಜೊಂಪು. ನೀವು ಕಿಟಕಿಯ ಪಕ್ಕ ಕುಳಿತಿದ್ದೀರಿ, ಕಾಲ ಬಳಿ ಗೋಣಿಚೀಲ, ಚೀಲದಿಂದ ಸಣ್ಣಗೆ ಹಬೆ. ನಿಮ್ಮ ಹೆಗಲ ಮೇಲೆ ತಲೆಯಿಟ್ಟು ಶಮಶಾದಬಿ ನಿದ್ದೆ ಹೋಗಿದ್ದಾರೆ. ಚೀಲದ ಹೊಲಿಗೆ ಬಿಟ್ಟ ಕಡೆಯಿಂದ ಮೆಂತೆ ಸಸಿಗಳು ಎದ್ದು ಬಸ್ಸಿನ ನೆಲದ ಮೇಲೆಲ್ಲ ಹಬ್ಬಿವೆ, ಕಂಡಕ್ಟರು ಅವನ್ನು ತುಳಿಯದೆ ಕಾಲೆತ್ತಿ ಕಾಲೆತ್ತಿ ಓಡಾಡುತ್ತಿದ್ದಾನೆ. ಊರುಗಳು ಬರುತ್ತವೆ, ಹೋಗುತ್ತವೆ, ಯಾರೂ ಇಳಿಯುವುದಿಲ್ಲ. ನಾನು ಕಂಬಿ ಹಿಡಿದು ನಿಂತು, ‘ಅತ್ತೀ, ಸ್ವಲ್ಪ ಸರೀರಿ, ನಾನೂ ಕುಂದರತೀನಿ’ ಎನ್ನುತ್ತೇನೆ. ನೀವು ನನ್ನನ್ನು ನೋಡುತ್ತೀರಿ, ಸಿಟ್ಟೇನೂ ಇಲ್ಲ, ಆದರೆ ಅಲುಗಿದರೆ ಅವರಿಗೆ ಎಚ್ಚರವಾಗುತ್ತದೆಂದು ಸುಮ್ಮನಿರುತ್ತೀರಿ. ಎಚ್ಚರಾದಾಗ ದಿಂಬು ಒದ್ದೆಯಾಗಿತ್ತು. ಎದ್ದು ಹೋಗಿ ತೊಟ್ಟಿಯ ಹತ್ತಿರ ನಿಂತೆ, ಇನ್ನೂ ಯಾರೂ ಬಂದಿರಲಿಲ್ಲ.

ಕ್ಷಮಿಸಿ ಎನ್ನಲು ನನಗೆ ಮುಖವಿಲ್ಲ, ಆದರೂ ಕೇಳುತ್ತಿದ್ದೇನೆ. ನೀವು ಬೈದರೆ ಬೈಸಿಕೊಳ್ಳುತ್ತೇನೆ, ಮಾತು ಬಿಟ್ಟರೆ ಕಾಯುತ್ತೇನೆ. ಸಿದ್ದಕ್ಕನವರಿಗೆ ನನ್ನ ನಮಸ್ಕಾರ ಹೇಳಿ, ಸಾಕ್ಷಿಗೆ ಪರೀಕ್ಷೆ ಚೆನ್ನಾಗಿ ಬರೆಯಲು ಹೇಳಿ. ಎಣ್ಣೆ ಹಚ್ಚಿಸಿಕೊಳ್ಳುವುದನ್ನು ಮರೆಯಬೇಡಿ. ನಿಮ್ಮ ಕೈ ನನ್ನ ತಲೆಯ ಮೇಲಿರಲಿ.

ನಿಮ್ಮ ತಪ್ಪಿತಸ್ಥ ಸೊಸೆ,
ಪ್ರಮಿಳಾ

ತಾ.ಕ.: ಲಕೋಟೆಗೆ ಅಂಟು ಹಚ್ಚುವಾಗ ನೋಡಿದರೆ ಮುಖ್ಯವಾದದ್ದನ್ನೇ ಬರೆದಿಲ್ಲ. ಬರೆಯಲು ಕೈ ಬಂದಿಲ್ಲ. ಶಮಶಾದಬಿ ಬೆಳಗಾವಿ ಬಿಡುತ್ತಿದ್ದಾರೆ. ಮಗ ತಾಲಿಬನಿಗೆ ವಾಸ್ಕೋದಲ್ಲಿ ಕೆಲಸ ಸಿಕ್ಕಿದೆ, ತಾಯಿಯನ್ನೂ ಕರೆದುಕೊಂಡು ಹೋಗುತ್ತಿದ್ದಾನೆ. ಆ ಮನೆಗೆ ಬೇರೆಯವರು ಬರುತ್ತಾರೆ. ಇದೇ ರವಿವಾರ, ಬೆಳಗಿನ ಗೋವಾ ಗಾಡಿ. ಲೋಂಡಾಕ್ಕೆ ಒಂಬತ್ತರ ಸುಮಾರಿಗೆ ಬಂದು ಹತ್ತು ನಿಮಿಷ ನಿಲ್ಲುತ್ತದೆಯಂತೆ. ಎಸ್-ಮೂರು ಡಬ್ಬಿ. ನಾನು ಬರೆದದ್ದು ಅವರಿಗೆ ಗೊತ್ತಿಲ್ಲ, ಹೊರಟದ್ದನ್ನು ನಿಮಗೆ ತಿಳಿಸಬೇಡ ಎಂದಿದ್ದರು. ನನ್ನ ಮೇಲಿನ ಸಿಟ್ಟು ಆಮೇಲೆ ತೀರಿಸಿಕೊಳ್ಳಿ, ನಾನು ಎಲ್ಲಿಗೂ ಹೋಗುವುದಿಲ್ಲ. ನಿನ್ನೆ ಸಾಮಾನು ಕಟ್ಟುತ್ತ ಅವರು ಕೇಳಿದ್ದು ಒಂದೇ: ‘ಲೋಂಡಾದಾಗ ಗಾಡಿ ನಿಂತಾಗ ಪದ್ಮವ್ವ ಇರೂ ಮನಿ ಯಾವ ಬಾಜೂಕ ಬರತೈತಿ?’ ನನಗೇನು ಗೊತ್ತು? ಎಡಕ್ಕೆ ಎಂದು ಬಾಯಿಗೆ ಬಂದದ್ದು ಹೇಳಿಬಿಟ್ಟೆ. ಅವರು ಎಡಗಡೆಯ ಕಿಟಕಿಯಲ್ಲೇ ಕುಳಿತಿರುತ್ತಾರೆ.